ಕ್ಯಾಮೆರಾ ಟ್ರ್ಯಾಪ್: ಭೀಮಾ ಬಯಲಿನ ವನ್ಯಜೀವಿ ವೀಕ್ಷಣೆ

ಕ್ಯಾಮೆರಾ ಟ್ರ್ಯಾಪ್ ಎಂಬುದು ಪ್ರಾಣಿ ಎದುರಿಗೆ ಹಾದಾಗ ಅದರ ಮೈಯ ಶಾಖ ಮತ್ತು ಚಲನೆಯನ್ನು ಗುರುತಿಸಿ, ಮನುಷ್ಯರು ಹತ್ತಿರ ಇಲ್ಲದಿದ್ದರೂ ತಾನಾಗಿ ಚಿತ್ರ ಅಥವಾ ವಿಡಿಯೊ ತೆಗೆಯುವ ಉಪಕರಣ. ಮಾರುಕಟ್ಟೆಯಲ್ಲಿ ಇದಕ್ಕೆ ಟ್ರೇಲ್ ಕ್ಯಾಮೆರಾ ಎಂಬ ಹೆಸರೂ ಇದೆ. ರಾತ್ರಿ ಸಂಚರಿಸುವ, ಮನುಷ್ಯರ ಸುಳಿವು ಸಿಕ್ಕೊಡನೆ ಮರೆಯಾಗುವ ಪ್ರಾಣಿಗಳ ಇರುವಿಕೆ, ಸಂಖ್ಯೆ ಮತ್ತು ದಿನಚರಿಯನ್ನು ತಿಳಿಯಲು ಇದನ್ನು ಬಳಸುತ್ತಾರೆ. ಕರ್ನಾಟಕದಲ್ಲಿ ಇದರ ವೈಜ್ಞಾನಿಕ ಬಳಕೆ ಆರಂಭವಾದುದು ನಾಗರಹೊಳೆಯ ಕಾಡಿನಲ್ಲಿ. ಉಪಕರಣದ ವಿನ್ಯಾಸವೂ ಅದನ್ನು ನೆಡುವ ನಿಯಮಗಳೂ ಬಹುಮಟ್ಟಿಗೆ ಮರ, ನೆರಳು ಮತ್ತು ಕಾಡುದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಂಥ ಬಿಸಿಲಿನ ಎರೆಭೂಮಿಯಲ್ಲಿ ಅದೇ ಉಪಕರಣ ಬೇರೆ ರೀತಿಯಲ್ಲಿ ವರ್ತಿಸುತ್ತದೆ. ಅಲ್ಲಿ ಅದನ್ನು ನೆಡುವ ಜಾಗ, ಎತ್ತರ, ದಿಕ್ಕು ಮತ್ತು ಕಾಲ ಎಲ್ಲವನ್ನೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ.

ಉಗಮ ಮತ್ತು ಬೆಳವಣಿಗೆ

ಪ್ರಾಣಿಯೇ ತನ್ನ ಚಿತ್ರವನ್ನು ತಾನು ತೆಗೆದುಕೊಳ್ಳುವಂತೆ ಮಾಡುವ ಪ್ರಯತ್ನಗಳು 19ನೆಯ ಶತಮಾನದ ಕೊನೆಯಲ್ಲಿ ಆರಂಭವಾದವು. ಅಮೆರಿಕದ ಜಾರ್ಜ್ ಶಿರಾಸ್ ಎಂಬ ವಕೀಲ ಮಿಚಿಗನ್ ರಾಜ್ಯದ ಕಾಡಿನಲ್ಲಿ ದಾರಿಗೆ ಅಡ್ಡವಾಗಿ ತಂತಿ ಕಟ್ಟಿ, ಜಿಂಕೆ ಅದನ್ನು ಎಡವಿದಾಗ ಫ್ಲ್ಯಾಷ್ ಪುಡಿ ಉರಿದು ಚಿತ್ರ ದಾಖಲಾಗುವ ವ್ಯವಸ್ಥೆ ಮಾಡಿದ. ಅವನ 74 ಚಿತ್ರಗಳನ್ನು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು. ಪಕ್ಷಿತಜ್ಞ ಫ್ರಾಂಕ್ ಚಾಪ್‌ಮನ್ ಪನಾಮಾದ ಬಾರೊ ಕೊಲೊರಾಡೊ ದ್ವೀಪದಲ್ಲಿ ಇದೇ ತಂತ್ರದಿಂದ ಅಲ್ಲಿನ ಪ್ರಾಣಿಗಳ ದಾಖಲೆ ಮಾಡಿ 1927ರಲ್ಲಿ ಅದನ್ನು ಪ್ರಕಟಿಸಿದ.

ಭಾರತದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವನು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. ಶಿವಾಲಿಕ ಬೆಟ್ಟಗಳ ಕಾಡಿನಲ್ಲಿ ತಂತಿ ಎಡವುವ ಕ್ಯಾಮೆರಾದಿಂದ ಅವನು ತೆಗೆದ ಹುಲಿಯ ಚಿತ್ರಗಳು 1927ರಲ್ಲಿ ಪುಸ್ತಕವಾಗಿ ಬಂದವು. ಬಂದೂಕಿನ ಬೇಟೆಯೇ ಗೌರವದ ಸಂಗತಿಯಾಗಿದ್ದ ಕಾಲದಲ್ಲಿ ಅವನು ಅದನ್ನು ಬಿಟ್ಟು ಕ್ಯಾಮೆರಾ ಹಿಡಿದ. ಪ್ರತಿಯೊಂದು ಹುಲಿಯ ಮೈಪಟ್ಟೆಯೂ ಬೇರೆಯಾಗಿರುತ್ತದೆ, ಚಿತ್ರ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಬಹುದು ಎಂಬುದನ್ನು ಅವನು ಗಮನಿಸಿದ್ದ. ಆ ಮಾತು ಸಂಖ್ಯಾಶಾಸ್ತ್ರದ ಆಧಾರದ ಮೇಲೆ ನಿಲ್ಲಲು ಇನ್ನೂ ಆರು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

ಆ ಆಧಾರ ಸಿಕ್ಕಿದ್ದು ಕರ್ನಾಟಕದಲ್ಲಿ. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು (ಸಾಹಿತಿ ಶಿವರಾಮ ಕಾರಂತರ ಮಗ) 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಇಟ್ಟು, ಹುಲಿಯ ಪಟ್ಟೆಗಳನ್ನು ಹೋಲಿಸಿ, ಒಮ್ಮೆ ಚಿತ್ರಕ್ಕೆ ಸಿಕ್ಕವುಗಳಲ್ಲಿ ಎಷ್ಟು ಮತ್ತೆ ಸಿಕ್ಕವು ಎಂದು ನೋಡುವ ಸೆರೆ-ಮರುಸೆರೆ ವಿಧಾನದಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದರು. ಈ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ನಿಕೋಲ್ಸ್ ಜತೆ ಸೇರಿ ನಾಗರಹೊಳೆ, ಕಾನ್ಹಾ, ಕಾಜಿರಂಗಾ ಮತ್ತು ಪೆಂಚ್ ಕಾಡುಗಳಲ್ಲಿ ಮಾಡಿದ ಅಧ್ಯಯನ 1998ರಲ್ಲಿ ಹೊರಬಂತು. ಅದುವರೆಗೆ ಹುಲಿ ಗಣತಿಯೆಂದರೆ ಹೆಜ್ಜೆಗುರುತುಗಳನ್ನು ಗಾಜಿನ ಮೇಲೆ ಬರೆದುಕೊಂಡು ಎಣಿಸುವುದಾಗಿತ್ತು. ಒಂದೇ ಹುಲಿಯ ಹೆಜ್ಜೆ ಮಣ್ಣಿನ ಗುಣಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಮೂಡುವುದರಿಂದ ಆ ಎಣಿಕೆ ನಂಬುವಂತಿರಲಿಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಇಲ್ಲವೆಂದು 2005ರ ಹೊತ್ತಿಗೆ ಬಯಲಾದ ಮೇಲೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆಗಳು 2006ರಿಂದ ನಾಲ್ಕು ವರ್ಷಕ್ಕೊಮ್ಮೆ ಕ್ಯಾಮೆರಾ ಆಧಾರಿತ ಅಂದಾಜನ್ನು ನಡೆಸುತ್ತಿವೆ. 2018ರ ಸುತ್ತಿನಲ್ಲಿ 141 ಪ್ರದೇಶಗಳ 26,838 ಜಾಗಗಳಲ್ಲಿ ಕ್ಯಾಮೆರಾ ಇಡಲಾಯಿತು. ಸಿಕ್ಕ 3.48 ಕೋಟಿ ಚಿತ್ರಗಳಲ್ಲಿ 76,651 ಹುಲಿಯವು, 51,777 ಚಿರತೆಯವು. ಜಗತ್ತಿನ ಅತಿ ದೊಡ್ಡ ಕ್ಯಾಮೆರಾ ಟ್ರ್ಯಾಪ್ ಸಮೀಕ್ಷೆಯೆಂದು ಇದು ಗಿನ್ನೆಸ್ ದಾಖಲೆಗೆ ಸೇರಿತು.

ರಚನೆ ಮತ್ತು ಕೆಲಸದ ಬಗೆ

ನೀರು ಒಳಸೇರದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಲೆನ್ಸ್, ಚಿತ್ರಗ್ರಾಹಕ, ಅವಕೆಂಪು ಸಂವೇದಕ, ರಾತ್ರಿ ಬೆಳಕಿನ ದೀಪಗಳು, ಮೆಮೊರಿ ಕಾರ್ಡ್ ಮತ್ತು ಸೆಲ್‌ಗಳು ಇರುತ್ತವೆ. ಇವುಗಳಲ್ಲಿ ಉಪಕರಣದ ನಡವಳಿಕೆಯನ್ನು ನಿರ್ಧರಿಸುವುದು ಸಂವೇದಕ. ಅದು ತಾನಾಗಿ ಯಾವ ಕಿರಣವನ್ನೂ ಹೊರಸೂಸುವುದಿಲ್ಲ. ಎದುರಿನ ವಸ್ತುಗಳಿಂದ ಬರುವ ಶಾಖಕಿರಣಗಳನ್ನು ಮಾತ್ರ ಗ್ರಹಿಸುತ್ತದೆ. ಅದರ ಮುಂದಿರುವ ಗೀರುಗೀರಾದ ಲೆನ್ಸ್ ಎದುರಿನ ನೋಟವನ್ನು ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ. ಹಿನ್ನೆಲೆಗಿಂತ ಬೇರೆ ಉಷ್ಣತೆಯಿರುವ ವಸ್ತುವೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಸಂವೇದಕದಲ್ಲಿ ವಿದ್ಯುತ್ ಸಂಕೇತ ಹುಟ್ಟಿ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ಶಾಖದ ವ್ಯತ್ಯಾಸ, ಚಲನೆ ಇವೆರಡರಲ್ಲಿ ಒಂದು ಇಲ್ಲದಿದ್ದರೂ ಚಿತ್ರ ಸಿಗುವುದಿಲ್ಲ. ಅಡ್ಡವಾಗಿ ಹಾಯುವ ಪ್ರಾಣಿ ಬೇಗ ಪತ್ತೆಯಾಗುತ್ತದೆ, ಕ್ಯಾಮೆರಾದ ಕಡೆಗೇ ನೇರವಾಗಿ ನಡೆದು ಬರುವ ಪ್ರಾಣಿ ತಡವಾಗಿ. ಮೊಸಳೆ, ಉಡ, ಹಾವುಗಳ ಮೈ ಬಹುತೇಕ ಸುತ್ತಲಿನ ಉಷ್ಣತೆಯಲ್ಲೇ ಇರುವುದರಿಂದ ಅವು ಎದುರಿಗೆ ಹಾದರೂ ಕ್ಯಾಮೆರಾ ಸುಮ್ಮನಿರುವುದು ಸಾಮಾನ್ಯ.

ಸಂಕೇತ ಬಂದದ್ದಕ್ಕೂ ಚಿತ್ರ ದಾಖಲಾಗುವುದಕ್ಕೂ ನಡುವಿನ ಅವಧಿಯನ್ನು ಪ್ರಚೋದನಾ ಕಾಲ ಎನ್ನುತ್ತಾರೆ. ಒಳ್ಳೆಯ ಉಪಕರಣಗಳಲ್ಲಿ ಇದು 0.2ರಿಂದ 0.5 ಸೆಕೆಂಡ್, ಅಗ್ಗದವುಗಳಲ್ಲಿ 1 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು. ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಓಡುನಡಿಗೆಯಲ್ಲಿ ಸಾಗುವ ತೋಳ ಒಂದು ಸೆಕೆಂಡಿನಲ್ಲಿ ಎರಡೂವರೆ ಮೀಟರ್ ದಾಟುತ್ತದೆ. 50 ಡಿಗ್ರಿ ನೋಟದ ಕ್ಯಾಮೆರಾ ನಾಲ್ಕು ಮೀಟರ್ ದೂರದಲ್ಲಿ ನೋಡುವುದು ಹೆಚ್ಚೆಂದರೆ ಮೂರೂಮುಕ್ಕಾಲು ಮೀಟರ್ ಅಗಲ. ಅಂದರೆ ನಿಧಾನದ ಕ್ಯಾಮೆರಾದಲ್ಲಿ ಬಾಲ ಮಾತ್ರ ಸಿಗುವುದಕ್ಕೆ ಕಾರಣ ಪ್ರಾಣಿಯ ಚುರುಕುತನವಷ್ಟೇ ಅಲ್ಲ, ಈ ಲೆಕ್ಕವೂ ಹೌದು.

ವಿಧಗಳು

ರಾತ್ರಿ ಬೆಳಕಿನ ಆಧಾರದ ಮೇಲೆ ಮೂರು ವಿಧಗಳು ಬಳಕೆಯಲ್ಲಿವೆ. ಬಿಳಿ ಫ್ಲ್ಯಾಷ್‌ನವು ಬಣ್ಣದ, ಸ್ಪಷ್ಟವಾದ ಚಿತ್ರ ಕೊಡುತ್ತವೆ. ಹುಲಿ, ಚಿರತೆ, ಕತ್ತೆಕಿರುಬದ ಪಟ್ಟೆ ಮತ್ತು ಚುಕ್ಕೆಗಳನ್ನು ಹೋಲಿಸಲು ಇವೇ ಉತ್ತಮ. ಆದರೆ ಬೆಳಕು ಮಿಂಚಿದಾಗ ಪ್ರಾಣಿ ಬೆದರಬಹುದು, ದಾರಿಹೋಕರಿಗೂ ಕ್ಯಾಮೆರಾ ಇರುವ ಜಾಗ ಗೊತ್ತಾಗುತ್ತದೆ. 850 ನ್ಯಾನೊಮೀಟರ್ ಅವಕೆಂಪು ದೀಪದವು ಮಸುಕಾದ ಕೆಂಪು ಹೊಳಪು ಬೀರುತ್ತವೆ, ದೂರದವರೆಗೆ ಬೆಳಗುತ್ತವೆ. 940 ನ್ಯಾನೊಮೀಟರ್‌ನವು ಕಣ್ಣಿಗೆ ಕಾಣಿಸುವುದೇ ಇಲ್ಲ, ಆದರೆ ಬೆಳಕಿನ ದೂರ ಕಡಿಮೆ. ಜನ ಓಡಾಡುವ ಹೊಲದ ನಡುವೆ ಕಳವಿನ ಭಯ ಇರುವಲ್ಲಿ ಕೊನೆಯ ವಿಧವೇ ಹೆಚ್ಚು ಅನುಕೂಲ. ಅವಕೆಂಪು ಬೆಳಕಿನ ಚಿತ್ರಗಳು ಕಪ್ಪುಬಿಳುಪಿನಲ್ಲಿ ಇರುತ್ತವೆ.

ದಾಖಲೆ ಸಾಗಿಸುವ ಬಗೆಯಿಂದಲೂ ಇವು ಬೇರೆಯಾಗುತ್ತವೆ. ಸಾಮಾನ್ಯ ಕ್ಯಾಮೆರಾದ ಕಾರ್ಡನ್ನು ಜಾಗಕ್ಕೇ ಹೋಗಿ ತರಬೇಕು. ಸಿಮ್ ಇರುವ ಕ್ಯಾಮೆರಾ ಚಿತ್ರವನ್ನು ಮೊಬೈಲ್‌ಗೆ ಕಳುಹಿಸುತ್ತದೆ. ಇದಕ್ಕೆ ವಿದ್ಯುತ್ ಹೆಚ್ಚು ಬೇಕು. ಆದರೆ ಊರ ಹತ್ತಿರ ಚಿರತೆ ಬಂದಿದೆಯೆಂಬ ಸುದ್ದಿಯ ಬೆನ್ನು ಹತ್ತಿದಾಗ ತಕ್ಷಣದ ಮಾಹಿತಿಗೆ ಬೆಲೆ ಹೆಚ್ಚು.

ಭೀಮಾ ಬಯಲಿನ ನೆಲ ಮತ್ತು ಪ್ರಾಣಿಗಳು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಭೀಮಾ ನದಿಯ ಕಣಿವೆಯಲ್ಲಿವೆ. ಆಳಂದದ ಕೊರಳ್ಳಿಯಲ್ಲಿ ಅಣೆಕಟ್ಟು ಕಟ್ಟಿರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ಸೊನ್ನ ಗ್ರಾಮದಲ್ಲಿ ಭೀಮೆಗೆ ಬ್ಯಾರೇಜ್ ಇದೆ. ಜಿಲ್ಲೆಯ ಕಾಡು ಬಹುಪಾಲು ಪೂರ್ವದ ಚಿಂಚೋಳಿ ತಾಲ್ಲೂಕಿನಲ್ಲಿದೆ, ಅಲ್ಲಿ 134.88 ಚದರ ಕಿಲೋಮೀಟರ್ ವಿಸ್ತಾರದ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾಯಿತು. ಈ ಮೂರು ತಾಲ್ಲೂಕುಗಳಲ್ಲಿ ಕಾಡು ತೀರ ಕಡಿಮೆ. ಎರೆ ಹೊಲ, ತೊಗರಿ, ಹಿಂಗಾರಿ ಜೋಳ, ನೀರಾವರಿ ಇರುವಲ್ಲಿ ಕಬ್ಬು, ನಡುನಡುವೆ ಗೈರಾಣ (ಗೋಮಾಳ), ಜಾಲಿ ಬೆಳೆದ ಹಳ್ಳದ ದಡ ಮತ್ತು ಕಲ್ಲುಗುಡ್ಡದ ಬೋಳು ನೆಲ, ಇಷ್ಟೇ ಇಲ್ಲಿನ ನೋಟ.

ಈ ನೆಲವನ್ನು ಸರ್ಕಾರಿ ದಾಖಲೆಗಳು ಬಹುಕಾಲ ಬೀಳು ಅಥವಾ ಪಾಳು ಭೂಮಿ ಎಂದು ಕರೆದುಕೊಂಡು ಬಂದವು. ವಾಸ್ತವದಲ್ಲಿ ಇದು ತನ್ನದೇ ಪ್ರಾಣಿಸಂಕುಲವಿರುವ ಬಯಲುಸೀಮೆ. ಕೃಷ್ಣಮೃಗ (ಈ ಭಾಗದ ಮಾತಿನಲ್ಲಿ ಚಿಗರಿ), ತೋಳ, ಗುಳ್ಳೆನರಿ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ, ಕತ್ತೆಕಿರುಬ, ಕಾಡುಬೆಕ್ಕು, ಪುನುಗುಬೆಕ್ಕು, ಮುಳ್ಳುಹಂದಿ, ಕಾಡುಹಂದಿ, ಮೊಲ, ಮುಂಗುಸಿ, ನವಿಲು ಇಂಥ ನೆಲದ ಪ್ರಾಣಿಗಳು. ಭೀಮೆಯ ಮಡುಗಳಲ್ಲಿ ಮೊಸಳೆಗಳಿವೆ. ಪಶ್ಚಿಮಕ್ಕೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯವರೆಗೂ ಇದೇ ಬಯಲು ಹಬ್ಬಿದೆ. ಅಲ್ಲಿನ ನಾನಜ್‌ನಲ್ಲಿ ಎರೆಭೂತ ಹಕ್ಕಿಗಾಗಿ 1979ರಲ್ಲಿ ವನ್ಯಧಾಮ ಸ್ಥಾಪನೆಯಾಯಿತು. ಅದೇ ಹುಲ್ಲುಗಾವಲು ತೋಳಕ್ಕೂ ನೆಲೆ. ಅದೇ ಜಿಲ್ಲೆಯ ಅಕ್ಕಲಕೋಟೆಯ ಕಡೆಯ ಕನ್ನಡದ ಹಳ್ಳಿಗಳಿಗೂ ಅಫಜಲಪುರದ ಹಳ್ಳಿಗಳಿಗೂ ನಡುವೆ ಇರುವ ರಾಜ್ಯದ ಗಡಿ ತೋಳದ ಓಡಾಟಕ್ಕೆ ಅಡ್ಡಿಯಲ್ಲ.

ಕ್ಯಾಮೆರಾ ಟ್ರ್ಯಾಪ್ ಇವುಗಳಲ್ಲಿ ಎಲ್ಲಕ್ಕೂ ಸಮನಾಗಿ ಒಗ್ಗುವುದಿಲ್ಲ. ಕೃಷ್ಣಮೃಗ ಹಗಲಿನಲ್ಲಿ ಬಯಲಲ್ಲೇ ಹಿಂಡಾಗಿ ಮೇಯುವ ಪ್ರಾಣಿ. ಅದನ್ನು ದುರ್ಬೀನು ಹಿಡಿದು ನಿಗದಿತ ದಾರಿಯಲ್ಲಿ ನಡೆದು ಎಣಿಸುವುದೇ ಸರಿಯಾದ ಕ್ರಮ. ಕತ್ತೆಕಿರುಬ, ಸಣ್ಣ ನರಿ, ಕಾಡುಬೆಕ್ಕು, ಮುಳ್ಳುಹಂದಿಗಳ ವಿಷಯದಲ್ಲಿ ಕ್ಯಾಮೆರಾಕ್ಕೆ ಬದಲಿಯಾಗುವ ಸಾಧನ ಇನ್ನೊಂದಿಲ್ಲ.

ಜಾಗದ ಆಯ್ಕೆ

ಕಾಡಿನಲ್ಲಿ ಪ್ರಾಣಿಗಳು ದಾರಿ ಹಿಡಿದು ನಡೆಯುತ್ತವೆ, ಆ ದಾರಿಯ ಬದಿಯ ಮರಕ್ಕೆ ಕ್ಯಾಮೆರಾ ಕಟ್ಟಿದರೆ ಸಾಕಾಗುತ್ತದೆ. ಬಯಲಿನಲ್ಲಿ ಪ್ರಾಣಿ ಯಾವ ದಿಕ್ಕಿಗಾದರೂ ಹೋಗಬಹುದು. ಆದರೂ ಅದರ ಓಡಾಟ ಕೆಲವು ಜಾಗಗಳಲ್ಲಿ ಇಕ್ಕಟ್ಟಾಗುತ್ತದೆ: ಎರಡು ಹೊಲಗಳ ನಡುವಿನ ಬದು, ಬಂಡಿದಾರಿ, ಹಳ್ಳ ದಾಟುವ ತಗ್ಗು, ಕಾಲುವೆಯ ಮೇಲಿನ ಸಣ್ಣ ಸೇತುವೆ, ತಂತಿಬೇಲಿಯ ಕಿಂಡಿ. ತೋಳ, ನರಿ, ಕತ್ತೆಕಿರುಬಗಳು ಬಂಡಿದಾರಿಯನ್ನೇ ರಾತ್ರಿ ಬಳಸುತ್ತವೆ. ದಾರಿಗಳು ಕೂಡುವಲ್ಲಿ ಲದ್ದಿ ಹಾಕಿ ಗಡಿಯ ಗುರುತು ಬಿಡುತ್ತವೆ. ಕೂದಲು ತುಂಬಿದ ತಿರುಚಿದ ಲದ್ದಿ ತೋಳದ್ದು, ಎಲುಬು ಅರೆದು ಬಿಳಿಯಾದ ಗುಂಡು ಲದ್ದಿ ಕತ್ತೆಕಿರುಬದ್ದು. ಕ್ಯಾಮೆರಾ ಇಡುವ ಮುನ್ನ ಇಂಥ ಗುರುತುಗಳನ್ನು ಹುಡುಕಿ ನಕ್ಷೆಯಲ್ಲಿ ಗುರುತಿಸುವುದು ಮೊದಲ ಹಂತ. ಕುರಿಗಾಹಿಗಳಿಂದ ವಿಚಾರಿಸುವುದು ಇದರ ಭಾಗವೇ: ಯಾವ ದಿಬ್ಬದಿಂದ ತೋಳ ಇಳಿಯುತ್ತದೆ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರು ನಿಲ್ಲುತ್ತದೆ ಎಂಬುದು ರಾತ್ರಿಯೆಲ್ಲ ಹಟ್ಟಿ ಕಾಯುವ ಅವರಿಗೆ ಗೊತ್ತಿರುತ್ತದೆ.

ಬೇಸಿಗೆಯಲ್ಲಿ ನೀರು ಎಲ್ಲಕ್ಕಿಂತ ದೊಡ್ಡ ಇಕ್ಕಟ್ಟು. ಮಾರ್ಚ್‌ನಿಂದ ಮೇ ತನಕ ಹಳ್ಳದ ಗುಂಡಿ, ಕೃಷಿಹೊಂಡ, ಅಣೆಕಟ್ಟಿನ ಹಿನ್ನೀರಿನ ಅಂಚುಗಳಲ್ಲಿ ಪ್ರಾಣಿಗಳು ಸೇರುತ್ತವೆ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಜಾರು ದಂಡೆಯಲ್ಲಿ ಸಣ್ಣ ಪ್ರಾಣಿಗಳು ಬಿದ್ದು ಸಾಯುವುದೂ ಉಂಟು. ಅಂಥಲ್ಲಿ ಇಟ್ಟ ಕ್ಯಾಮೆರಾ ಅಪಾಯದ ದಾಖಲೆಯನ್ನೂ ಕೊಡುತ್ತದೆ. ನೀರಿನ ಬಳಿ ಸಿಕ್ಕ ಚಿತ್ರಗಳಿಂದ ಸಂಖ್ಯೆಯ ಅಂದಾಜು ಮಾಡುವುದು ತಪ್ಪು ದಾರಿ: ಸುತ್ತಲಿನ ಪ್ರಾಣಿಯೆಲ್ಲ ಅಲ್ಲಿಗೇ ಬರುವುದರಿಂದ ಸಾಂದ್ರತೆ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಯಾವ ಪ್ರಾಣಿಗಳಿವೆ ಎಂದು ತಿಳಿಯಲು ನೀರಿನ ಜಾಗ ಸರಿ, ಎಷ್ಟಿವೆ ಎಂದು ತಿಳಿಯಲು ಚೌಕಗಳ ಜಾಲ ಬೇಕು.

ಚೌಕಜಾಲದ ಕ್ರಮದಲ್ಲಿ ನಕ್ಷೆಯ ಮೇಲೆ ಸಮ ಅಳತೆಯ ಚೌಕಗಳನ್ನು ಎಳೆದು ಪ್ರತಿ ಚೌಕದಲ್ಲೂ ಒಂದು ಜಾಗ ಆರಿಸುತ್ತಾರೆ. ಹುಲಿಯ ಅಂದಾಜಿನಲ್ಲಿ ಒಂದು ಚೌಕ 2 ಚದರ ಕಿಲೋಮೀಟರ್, ಅದರಲ್ಲಿ ದಾರಿಯ ಎರಡು ಬದಿಗೂ ಒಂದೊಂದು ಕ್ಯಾಮೆರಾ. ಎರಡು ಏಕೆಂದರೆ ಒಂದೇ ಪ್ರಾಣಿಯ ಎಡಮೈಯ ಪಟ್ಟೆ ಬಲಮೈಯದಕ್ಕಿಂತ ಬೇರೆ. ಕತ್ತೆಕಿರುಬಕ್ಕೂ ಇದೇ ಜೋಡಿಕ್ರಮ ಬೇಕು. ತೋಳ, ನರಿಗಳಿಗೆ ಮೈಗುರುತು ಇಲ್ಲದ ಕಾರಣ ಒಂದೇ ಸಾಕು. ಉಳಿದ ಕ್ಯಾಮೆರಾಗಳನ್ನು ಹೆಚ್ಚು ಚೌಕಗಳಿಗೆ ಹಂಚುವುದು ಲಾಭ.

ತೋಳ ಮತ್ತು ನರಿಗಳ ಗವಿಯ ಬಾಯಿಗೆ ಕ್ಯಾಮೆರಾ ಇಡುವುದನ್ನು ಬಿಡಬೇಕು. ದಖ್ಖನ್ ಬಯಲಿನಲ್ಲಿ ತೋಳ ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಆಗ ಮನುಷ್ಯರ ವಾಸನೆ ಉಳಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೋಗುತ್ತದೆ, ಆ ಸಾಗಾಟದಲ್ಲಿ ಮರಿಗಳು ನಾಯಿಗಳಿಗೆ ಸಿಕ್ಕುವ ಅಪಾಯ ಇದೆ.

ಅಳವಡಿಸುವ ಕ್ರಮ

ಬಯಲಿನಲ್ಲಿ ಬೇಕಾದ ಜಾಗದಲ್ಲಿ ಮರ ಸಿಗುವುದು ಅಪರೂಪ. ಬೇವು, ಜಾಲಿ ಸಿಕ್ಕರೂ ಸಣ್ಣ ಕಾಂಡ ಗಾಳಿಗೆ ಅಲುಗಿ ಕ್ಯಾಮೆರಾವನ್ನು ಪದೇ ಪದೇ ಎಚ್ಚರಿಸುತ್ತದೆ. ಆದ್ದರಿಂದ ಕಬ್ಬಿಣದ ಗೂಟ ಅಥವಾ ಹೊಲದ ಅಂಚಿನ ಕಲ್ಲುಕಂಬವೇ ಆಧಾರ. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಅಂಗೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮೇಲ್ಮಣ್ಣಿನಲ್ಲಿ ಮಾತ್ರ ನಿಂತ ಗೂಟ ತಾನೇ ವಾಲಿ ಕ್ಯಾಮೆರಾ ಆಕಾಶವನ್ನೋ ನೆಲವನ್ನೋ ನೋಡುವಂತಾಗುತ್ತದೆ. ಗೂಟವನ್ನು ಎರಡು ಅಡಿಗಿಂತ ಆಳಕ್ಕೆ ಹೂಳಿ ಸುತ್ತ ಕಲ್ಲು ಜಡಿಯುವುದು ರೂಢಿ. ಕಲ್ಲಿನ ಸಣ್ಣ ಗುಪ್ಪೆ ಕಟ್ಟಿ ಅದರೊಳಗೆ ಕ್ಯಾಮೆರಾ ಕೂರಿಸಿದರೆ ಬಿಸಿಲಿನಿಂದಲೂ ಕಣ್ಣಿಗೆ ಬೀಳುವುದರಿಂದಲೂ ರಕ್ಷಣೆ ಸಿಗುತ್ತದೆ.

ಎತ್ತರವನ್ನು ಪ್ರಾಣಿಯ ಎದೆಯ ಮಟ್ಟ ನೋಡಿ ನಿರ್ಧರಿಸುತ್ತಾರೆ. ತೋಳ, ಕತ್ತೆಕಿರುಬಕ್ಕೆ ನೆಲದಿಂದ 40ರಿಂದ 50 ಸೆಂಟಿಮೀಟರ್; ನರಿ, ಕಾಡುಬೆಕ್ಕು, ಮೊಲಕ್ಕೆ 25ರಿಂದ 30. ದಾರಿಯ ನಡುವಿನಿಂದ ಮೂರರಿಂದ ನಾಲ್ಕು ಮೀಟರ್ ದೂರ ಇರಬೇಕು. ತೀರ ಹತ್ತಿರವಾದರೆ ರಾತ್ರಿಯ ಬೆಳಕಿಗೆ ಪ್ರಾಣಿಯ ಮೈ ಬಿಳಿಯ ಮುದ್ದೆಯಾಗಿ ಕಾಣುತ್ತದೆ. ಮೈಗುರುತು ಬೇಕಾದಾಗ ಕ್ಯಾಮೆರಾ ದಾರಿಗೆ ಲಂಬವಾಗಿರಬೇಕು. ಬರೀ ಪ್ರಾಣಿ ಯಾವುದೆಂದು ತಿಳಿಯಬೇಕಿದ್ದರೆ 45 ಡಿಗ್ರಿ ಓರೆ ಇಟ್ಟರೆ ಪ್ರಾಣಿ ಚೌಕಟ್ಟಿನಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ದಿಕ್ಕು ಉತ್ತರಕ್ಕೆ ಇರುವುದು ಲೇಸು. ಮರವಿಲ್ಲದ ಬಯಲಿನಲ್ಲಿ ಪೂರ್ವಕ್ಕೋ ಪಶ್ಚಿಮಕ್ಕೋ ಮುಖಮಾಡಿದ ಲೆನ್ಸ್‌ಗೆ ಬೆಳಗಿನ ಅಥವಾ ಸಂಜೆಯ ಸೂರ್ಯ ನೇರವಾಗಿ ಬಡಿಯುತ್ತಾನೆ, ಪ್ರಾಣಿಗಳು ಹೆಚ್ಚು ಓಡಾಡುವುದೂ ಆ ಹೊತ್ತಿನಲ್ಲೇ.

ಎದುರಿನ ಹುಲ್ಲು, ತೊಗರಿಯ ಕೊಂಬೆ, ಜಾಲಿಯ ಟೊಂಗೆಗಳನ್ನು ಕ್ಯಾಮೆರಾದ ನೋಟದಷ್ಟು ಅಗಲಕ್ಕೆ ಮಾತ್ರ ಸವರಬೇಕು. ನಂತರ ದಿನಾಂಕ ಮತ್ತು ಗಂಟೆಯನ್ನು ಸರಿಪಡಿಸಿ, ಜಾಗದ ಸಂಖ್ಯೆ ಬರೆದ ಹಲಗೆಯನ್ನು ಎದುರಿಗೆ ಹಿಡಿದು ಮೊದಲ ಚಿತ್ರ ತೆಗೆಯುತ್ತಾರೆ. ಗಡಿಯಾರ ತಪ್ಪಿದ ಕ್ಯಾಮೆರಾದ ದಾಖಲೆಯಿಂದ ಪ್ರಾಣಿಯ ದಿನಚರಿ ಕಟ್ಟಲು ಬರುವುದಿಲ್ಲ. ಕೊನೆಗೆ ಕ್ಯಾಮೆರಾದ ಎದುರು ಬಗ್ಗಿ ಪ್ರಾಣಿಯ ಎತ್ತರದಲ್ಲಿ ಅಡ್ಡ ನಡೆದು, ಸಂವೇದಕದ ಪರೀಕ್ಷಾ ದೀಪ ಹೊತ್ತಿಕೊಳ್ಳುವುದನ್ನು ನೋಡಬೇಕು. ಒಂದು ಎಚ್ಚರಕ್ಕೆ ಮೂರು ಚಿತ್ರಗಳು ಸಾಮಾನ್ಯ ಜೋಡಣೆ. ಗುಂಪಾಗಿ ಬರುವ ತೋಳಗಳಿಗೆ ಎರಡು ಎಚ್ಚರಗಳ ನಡುವಿನ ಬಿಡುವನ್ನು ಕನಿಷ್ಠಕ್ಕೆ ಇಳಿಸಬೇಕು, ಇಲ್ಲವಾದರೆ ಮೊದಲ ತೋಳದ ಹಿಂದೆ ಬಂದವು ದಾಖಲಾಗುವುದಿಲ್ಲ. ನದಿದಂಡೆಯಲ್ಲಿ ಮೊಸಳೆ ಬಿಸಿಲು ಕಾಯುವ ಜಾಗಕ್ಕೆ ಸಂವೇದಕವನ್ನು ನಂಬದೆ, ಐದು ನಿಮಿಷಕ್ಕೊಮ್ಮೆ ತಾನಾಗಿ ಚಿತ್ರ ತೆಗೆಯುವ ಸಮಯಾಂತರ ಕ್ರಮವನ್ನು ಹೊಂದಿಸುತ್ತಾರೆ.

ಬಿಸಿಲು, ಮಳೆ ಮತ್ತು ಬೆಳೆಯ ಪ್ರಭಾವ

ಕಲಬುರಗಿ ಸೀಮೆಯ ಏಪ್ರಿಲ್-ಮೇ ತಿಂಗಳ ಹಗಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬರಿದಾದ ಎರೆನೆಲದ ಮೇಲ್ಮೈ ಗಾಳಿಗಿಂತಲೂ ಬಿಸಿ. ಇದರಿಂದ ಸಂವೇದಕಕ್ಕೆ ಎರಡು ಬಗೆಯ ತೊಡಕು. ನಡುಹಗಲಿನಲ್ಲಿ ಕಾದ ನೆಲದ ಎದುರು ತಂಪಾದ ಎಲೆ ಅಲುಗಿದರೂ ಶಾಖದ ವ್ಯತ್ಯಾಸ ದೊಡ್ಡದಾಗಿ ಕಂಡು ಖಾಲಿ ಚಿತ್ರಗಳು ಸಾವಿರಗಟ್ಟಲೆ ತುಂಬುತ್ತವೆ. ಸಂಜೆಯಾಗುತ್ತ ನೆಲ ಆರತೊಡಗಿ, ಅದರ ಉಷ್ಣತೆ ಪ್ರಾಣಿಯ ಮೈಯ ಉಷ್ಣತೆಗೆ ಸಮನಾಗುವ ಒಂದು ಹೊತ್ತು ಬರುತ್ತದೆ. ಆಗ ತೋಳ ಎದುರಿಗೇ ಹಾದರೂ ಕ್ಯಾಮೆರಾ ಕುರುಡಾಗಿರಬಹುದು. ಬೇಸಿಗೆಯಲ್ಲಿ ಮುಸ್ಸಂಜೆಯ ಚಿತ್ರಗಳು ಕಡಿಮೆಯಾದರೆ ಪ್ರಾಣಿಗಳು ಓಡಾಡಲಿಲ್ಲ ಎಂದು ತೀರ್ಮಾನಿಸುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂವೇದಕದ ಸೂಕ್ಷ್ಮತೆಯನ್ನು ಬೇಸಿಗೆಗೆ ಹೆಚ್ಚಿಗೂ ಚಳಿಗಾಲಕ್ಕೆ ಮಧ್ಯಮಕ್ಕೂ ಹೊಂದಿಸುವುದು, ಹಿನ್ನೆಲೆಯಲ್ಲಿ ನೆರಳಿರುವ ದಂಡೆ ಅಥವಾ ಕಲ್ಲು ಬರುವಂತೆ ಜಾಗ ಆರಿಸುವುದು ಇದಕ್ಕೆ ಇರುವ ಪರಿಹಾರ.

ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಅಂಟಿ, ಬಂಡಿದಾರಿಗಳಲ್ಲಿ ನಡೆಯುವುದೇ ಕಷ್ಟ. ಕಾರ್ಡ್ ಬದಲಿಸಲು ಹೋಗಲಾಗದ ವಾರಗಳಿಗೆ ತಕ್ಕಂತೆ ದೊಡ್ಡ ಕಾರ್ಡ್, ಹೊಸ ಸೆಲ್ ಹಾಕಿ ಬರಬೇಕು. ಆಷಾಢದ ಗಾಳಿ ಖಾಲಿ ಚಿತ್ರಗಳ ಕಾಲ. ಹಳ್ಳದ ತಗ್ಗಿನಲ್ಲಿಟ್ಟ ಕ್ಯಾಮೆರಾಗಳನ್ನು ಮಳೆಗೆ ಮೊದಲೇ ತೆಗೆಯಬೇಕು. ಭೀಮೆಗೆ ಮೇಲಿನ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಇಲ್ಲಿ ಮಳೆಯಿಲ್ಲದಿದ್ದರೂ ಪ್ರವಾಹ ಬರುತ್ತದೆ.

ಬೆಳೆಯೂ ಕಾಲಕ್ಕೆ ತಕ್ಕಂತೆ ನೋಟವನ್ನು ಬದಲಿಸುತ್ತದೆ. ಮುಂಗಾರಿಗೆ ಬಿತ್ತಿದ ತೊಗರಿ ಚಳಿಗಾಲದ ಹೊತ್ತಿಗೆ ಆಳೆತ್ತರಕ್ಕೆ ಬೆಳೆದು ಹಂದಿ, ನರಿಗಳಿಗೆ ಮರೆಯಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ಅದರ ಕಟಾವು, ಬೇಸಿಗೆಯ ಹೊಸ್ತಿಲಲ್ಲಿ ಜೋಳದ ಕಟಾವು ಮುಗಿದಂತೆ ಮರೆ ಕಳಚಿ, ಪ್ರಾಣಿಗಳು ಹಳ್ಳದ ಜಾಲಿ ಮತ್ತು ಕಬ್ಬಿನ ಗದ್ದೆಗಳ ಕಡೆಗೆ ಸರಿಯುತ್ತವೆ. ಒಂದು ಸಮೀಕ್ಷೆಯ ಎಲ್ಲ ಕ್ಯಾಮೆರಾಗಳೂ ಒಂದೇ ಬೆಳೆಯ ಹಂತದಲ್ಲಿ ಕೆಲಸ ಮಾಡಿರಬೇಕು. ಅರ್ಧ ತೊಗರಿ ನಿಂತಾಗ, ಅರ್ಧ ಕಟಾವಾದ ಮೇಲೆ ಇಟ್ಟರೆ ಹೋಲಿಕೆಗೆ ಅರ್ಥವಿಲ್ಲ.

ನಿತ್ಯದ ನಿರ್ವಹಣೆಯಲ್ಲಿ ಗಮನಿಸಬೇಕಾದವು ಸಣ್ಣ ಸಂಗತಿಗಳು: ಸಂವೇದಕದ ಮೇಲೆ ಜೇಡ ಬಲೆ, ಡಬ್ಬಿಯ ಸಂದಿಯಲ್ಲಿ ಇರುವೆ, ಲೆನ್ಸ್ ಮೇಲೆ ದೂಳು. ಬಿಸಿಲಿನ ಶಾಖಕ್ಕೆ ಅಗ್ಗದ ಸೆಲ್‌ಗಳು ಸೋರಿ ಒಳಗಿನ ತಗಡನ್ನು ತಿನ್ನುತ್ತವೆ. ಲಿಥಿಯಂ ಸೆಲ್ ದುಬಾರಿಯಾದರೂ ಹೆಚ್ಚು ಕಾಲ ಬರುತ್ತದೆ, ಮರುಪೂರಣ ಮಾಡಬಹುದಾದ ನಿಕಲ್ ಸೆಲ್‌ಗಳು ದೀರ್ಘ ಯೋಜನೆಗೆ ಮಿತವ್ಯಯ.

ಮಾಹಿತಿಯ ವಿಶ್ಲೇಷಣೆ

ಕ್ಯಾಮೆರಾ ದುಡಿದ ಅವಧಿಯನ್ನು ಕ್ಯಾಮೆರಾ-ದಿನಗಳಲ್ಲಿ ಅಳೆಯುತ್ತಾರೆ: 20 ಕ್ಯಾಮೆರಾಗಳು 30 ದಿನ ಕೆಲಸ ಮಾಡಿದರೆ 600 ಕ್ಯಾಮೆರಾ-ದಿನ. ಕೆಟ್ಟು ನಿಂತ ದಿನಗಳನ್ನು ಇದರಿಂದ ಕಳೆಯಬೇಕು. ಒಂದೇ ಪ್ರಾಣಿ ಕ್ಯಾಮೆರಾದ ಎದುರೇ ಸುಳಿದಾಡಿ ಹತ್ತಾರು ಚಿತ್ರ ಕೊಟ್ಟರೆ ಅದನ್ನು ಒಂದೇ ದಾಖಲೆಯಾಗಿ ಎಣಿಸುತ್ತಾರೆ. ಎರಡು ದಾಖಲೆಗಳ ನಡುವೆ ಅರ್ಧ ಗಂಟೆಯ ಅಂತರ ಸಾಮಾನ್ಯ ನಿಯಮ.

ಮೈಗುರುತಿರುವ ಪ್ರಾಣಿಗಳಿಗೆ ಸೆರೆ-ಮರುಸೆರೆ ವಿಧಾನ ಅನ್ವಯಿಸುತ್ತದೆ. ಉದಾಹರಣೆಗೆ, ಮೊದಲ ಸುತ್ತಿನಲ್ಲಿ 12 ಕತ್ತೆಕಿರುಬಗಳು, ಎರಡನೆಯ ಸುತ್ತಿನಲ್ಲಿ 10 ಕಂಡು, ಅವುಗಳಲ್ಲಿ 6 ಎರಡರಲ್ಲೂ ಇದ್ದವು ಎಂದುಕೊಂಡರೆ, ಒಟ್ಟು ಸಂಖ್ಯೆಯ ಸರಳ ಅಂದಾಜು 12 ಮತ್ತು 10ರ ಗುಣಲಬ್ಧವನ್ನು 6ರಿಂದ ಭಾಗಿಸಿದಾಗ ಬರುವ 20. ಚಿತ್ರಕ್ಕೆ ಸಿಕ್ಕವು 16 ಮಾತ್ರ, ಸಿಗದೆ ಉಳಿದ 4 ಈ ಲೆಕ್ಕದಿಂದ ಹೊರಬರುತ್ತವೆ. ಇಂದಿನ ವಿಧಾನಗಳು ಇದರ ಜತೆಗೆ ಪ್ರತಿ ಪ್ರಾಣಿ ಸಿಕ್ಕ ಜಾಗಗಳ ದೂರವನ್ನೂ ಸೇರಿಸಿ ಸಾಂದ್ರತೆಯನ್ನು ನೇರವಾಗಿ ಅಂದಾಜು ಮಾಡುತ್ತವೆ. ಪ್ರಿಯಾ ಸಿಂಗ್, ಅರ್ಜುನ್ ಗೋಪಾಲಸ್ವಾಮಿ ಮತ್ತು ಉಲ್ಲಾಸ ಕಾರಂತರು ರಾಜಸ್ಥಾನದ ಒಣನಾಡಿನಲ್ಲಿ ಕತ್ತೆಕಿರುಬದ ಸಾಂದ್ರತೆಯನ್ನು ಪಟ್ಟೆಗಳ ಆಧಾರದಿಂದ ಅಂದಾಜು ಮಾಡಿ 2010ರಲ್ಲಿ ಪ್ರಕಟಿಸಿದರು. ಭೀಮಾ ಬಯಲಿಗೆ ಹತ್ತಿರದ ಮಾದರಿ ಇದು.

ತೋಳ, ನರಿ, ಕಾಡುಹಂದಿಗಳಲ್ಲಿ ಒಂದೇ ಜಾತಿಯ ಒಂದು ಪ್ರಾಣಿಯನ್ನು ಇನ್ನೊಂದರಿಂದ ಬೇರೆ ಮಾಡಲು ಬಾರದು. ಇವುಗಳಿಗೆ ಎಷ್ಟು ಚೌಕಗಳಲ್ಲಿ ಪ್ರಾಣಿ ಇದೆ, ಇದ್ದೂ ಕಾಣದೆ ಹೋಗುವ ಸಂಭವ ಎಷ್ಟು ಎಂದು ಲೆಕ್ಕ ಹಾಕುವ ವಾಸವ್ಯಾಪ್ತಿ ವಿಧಾನ ಬಳಕೆಯಲ್ಲಿದೆ. ಪ್ರಾಣಿಯ ನಡಿಗೆಯ ವೇಗ ಮತ್ತು ಕ್ಯಾಮೆರಾದ ನೋಟದ ವಿಸ್ತಾರದಿಂದ ಸಾಂದ್ರತೆ ತೆಗೆಯುವ ಯಾದೃಚ್ಛಿಕ ಭೇಟಿ ಮಾದರಿಯನ್ನು ಬ್ರಿಟನ್ನಿನ ಸಂಶೋಧಕರು 2008ರಲ್ಲಿ ಮಂಡಿಸಿದರು. ಅದಕ್ಕೆ ಕ್ಯಾಮೆರಾಗಳನ್ನು ಪ್ರಾಣಿಯ ದಾರಿ ನೋಡಿ ಆರಿಸದೆ ಯಾದೃಚ್ಛಿಕವಾಗಿ ಇಡಬೇಕು. ನೂರು ಕ್ಯಾಮೆರಾ-ದಿನಕ್ಕೆ ಎಷ್ಟು ದಾಖಲೆ ಎಂಬ ಸರಳ ಸೂಚ್ಯಂಕವನ್ನೂ ಹಲವರು ಬಳಸುತ್ತಾರೆ. ಜಾಗದಿಂದ ಜಾಗಕ್ಕೆ ಪ್ರಾಣಿ ಕಾಣುವ ಸಂಭವವೇ ಬದಲಾಗುವುದರಿಂದ ಅದನ್ನು ಸಂಖ್ಯೆಯೆಂದು ಓದಬಾರದು.

ಲಕ್ಷಗಟ್ಟಲೆ ಚಿತ್ರಗಳನ್ನು ವಿಂಗಡಿಸಲು ಈಗ ಯಂತ್ರಕಲಿಕೆಯ ತಂತ್ರಾಂಶಗಳಿವೆ. ರಾಷ್ಟ್ರೀಯ ಹುಲಿ ಅಂದಾಜಿನಲ್ಲಿ ಪ್ರಾಣಿಯನ್ನು ಗುರುತಿಸಿ ವಿಂಗಡಿಸಲು ಕ್ಯಾಟ್ರ್ಯಾಟ್, ಪಟ್ಟೆ ಹೋಲಿಸಲು ಎಕ್ಸ್‌ಟ್ರ್ಯಾಕ್ಟ್‌ಕಂಪೇರ್ ಬಳಕೆಯಾಗುತ್ತವೆ. ಖಾಲಿ ಚಿತ್ರಗಳನ್ನು ಬೇರ್ಪಡಿಸುವ ಮೆಗಾಡಿಟೆಕ್ಟರ್ ಉಚಿತವಾಗಿ ಸಿಗುತ್ತದೆ. ಸಣ್ಣ ನರಿ, ಗುಳ್ಳೆನರಿ ಮತ್ತು ಊರನಾಯಿಗಳ ರಾತ್ರಿ ಚಿತ್ರಗಳನ್ನು ಮಾತ್ರ ಅನುಭವಿಗಳು ಕಣ್ಣಾರೆ ನೋಡಿಯೇ ಖಚಿತಪಡಿಸಬೇಕಾಗುತ್ತದೆ.

ಉಪಯೋಗಗಳು

ಬಯಲುಸೀಮೆಯಲ್ಲಿ ಇದರ ಮೊದಲ ಉಪಯೋಗ ಇರುವಿಕೆಯ ದಾಖಲೆ. ಯೋಜನೆಯೊಂದು ಬರುವ ಮುನ್ನ ಗೈರಾಣದಲ್ಲಿ ಕತ್ತೆಕಿರುಬ ಇದೆಯೆಂದು ಹೇಳಲು ದಿನಾಂಕ ಮತ್ತು ಜಾಗ ನಮೂದಾದ ಚಿತ್ರ ಬೇಕು. ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಚಿರತೆಗಾಗಿ ಇಟ್ಟ ಕ್ಯಾಮೆರಾಗಳಲ್ಲಿ ಕಾವೇರಿ ವನ್ಯಜೀವಿಧಾಮದ ತರಕರಡಿ ದಾಖಲಾದುದು ಇಂಥ ಅನಿರೀಕ್ಷಿತ ಲಾಭಕ್ಕೆ ರಾಜ್ಯದ ಉದಾಹರಣೆ.

ಎರಡನೆಯದು ನಷ್ಟದ ಕಾರಣ ಪತ್ತೆ. ತೊಗರಿ, ಕಬ್ಬು, ಜೋಳದ ಬೆಳೆ ಹಾಳು ಮಾಡಿದ್ದು ಚಿಗರಿಯೋ, ಹಂದಿಯೋ, ಮುಳ್ಳುಹಂದಿಯೋ ಎಂಬುದರ ಮೇಲೆ ತಡೆಯ ಉಪಾಯ ನಿಂತಿದೆ. ಹಂದಿಗೆ ಬೇಕಾದ ಬೇಲಿ ಚಿಗರಿಯನ್ನು ತಡೆಯುವುದಿಲ್ಲ. ಹಟ್ಟಿಯ ಕುರಿ ಕೊಂದದ್ದು ತೋಳವೆಂದು ಹೇಳುವ ಪ್ರಸಂಗಗಳಲ್ಲಿ ಬೀದಿನಾಯಿಗಳ ಪಾಲೂ ಇರಬಹುದು, ರಾತ್ರಿಯ ಚಿತ್ರ ಮಾತ್ರ ಅದನ್ನು ಬಿಡಿಸಿ ಹೇಳಬಲ್ಲದು. ನಾಯಿಗಳು ತೋಳಕ್ಕೆ ರೋಗ ಹರಡುತ್ತವೆ, ಅದರೊಡನೆ ಕೂಡಿ ಮಿಶ್ರತಳಿ ಹುಟ್ಟುವುದೂ ಇದೆ. ಪುಣೆಯ ಬಳಿ ಇಂಥ ಮಿಶ್ರತಳಿ 2023ರಲ್ಲಿ ಜೀನ್ ಪರೀಕ್ಷೆಯಿಂದ ದೃಢಪಟ್ಟಿತು. ಅಸಹಜ ಬಣ್ಣದ ತೋಳ ಕ್ಯಾಮೆರಾದಲ್ಲಿ ಕಂಡರೆ ಅದನ್ನು ಪರೀಕ್ಷೆಗೆ ತರುವ ಮೊದಲ ಸೂಚನೆಯಾಗಿ ಪರಿಗಣಿಸುತ್ತಾರೆ. ಊರ ಬಳಿ ಚಿರತೆ ಕಂಡ ಸುದ್ದಿ ಬಂದಾಗ ಅರಣ್ಯ ಇಲಾಖೆ ಬೋನು ಇಡುವ ಮುನ್ನ ಕ್ಯಾಮೆರಾ ಇಟ್ಟು ಖಚಿತಪಡಿಸಿಕೊಳ್ಳುವುದು ರಾಜ್ಯದಾದ್ಯಂತ ರೂಢಿಯಾಗಿದೆ. ಹಲವು ಬಾರಿ ಸಿಗುವುದು ಕಾಡುಬೆಕ್ಕು ಅಥವಾ ಕತ್ತೆಕಿರುಬ. ಅದರಿಂದ ಊರಿನ ಭಯವೂ ಇಳಿಯುತ್ತದೆ.

ಕಾನೂನು ಮತ್ತು ಜನರ ಖಾಸಗಿತನ

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ವನ್ಯಜೀವಿಧಾಮದೊಳಗೆ ಅಧ್ಯಯನ, ಛಾಯಾಗ್ರಹಣಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ, ಪಟ್ಟಾ ಹೊಲದಲ್ಲಿ ಮಾಲೀಕರ ಒಪ್ಪಿಗೆ ಪಡೆಯಬೇಕು. ಗೈರಾಣದಲ್ಲಿಟ್ಟರೆ ಗ್ರಾಮ ಪಂಚಾಯಿತಿಗೆ ಮತ್ತು ಅಲ್ಲಿ ಮೇಯಿಸುವವರಿಗೆ ತಿಳಿಸುವುದು ಸರಿಯಾದ ನಡೆ. ತೋಳ ಮತ್ತು ಕೃಷ್ಣಮೃಗ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವುಗಳ ಚಿತ್ರದ ಜತೆ ನಿಖರವಾದ ಜಾಗವನ್ನು ಬಹಿರಂಗಪಡಿಸಿದರೆ ಬೇಟೆಗಾರರಿಗೆ ದಾರಿ ತೋರಿಸಿದಂತಾಗುತ್ತದೆ.

ಬಯಲಿನ ಕ್ಯಾಮೆರಾಗಳಲ್ಲಿ ಪ್ರಾಣಿಗಳಿಗಿಂತ ಮನುಷ್ಯರು, ದನಕರು, ನಾಯಿಗಳೇ ಹೆಚ್ಚಾಗಿ ದಾಖಲಾಗುತ್ತಾರೆ. ಉತ್ತರಾಖಂಡದ ಕಾರ್ಬೆಟ್ ಹುಲಿ ಮೀಸಲಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪ್ರಾಣಿಗಳಿಗಾಗಿ ಇಟ್ಟ ಕ್ಯಾಮೆರಾಗಳು ಕಾಡಿಗೆ ಹೋಗುವ ಹಳ್ಳಿಯ ಹೆಂಗಸರ ನಿಶ್ಚಿಂತೆಯನ್ನು ಕಸಿದುದನ್ನು ತೋರಿಸಿತು. ಹೊಲ, ಹಳ್ಳಗಳು ಬಯಲುಸೀಮೆಯ ಹೆಂಗಸರಿಗೂ ಕೆಲಸದ ಮತ್ತು ಏಕಾಂತದ ಜಾಗ. ಶೌಚಕ್ಕೆ ಹೋಗುವ ದಾರಿ, ನೀರು ತರುವ ಮತ್ತು ಮೀಯುವ ಜಾಗಗಳನ್ನು ಮೊದಲೇ ಊರಿನ ಹೆಂಗಸರಿಂದ ಕೇಳಿ ತಿಳಿದು ಅಲ್ಲಿ ಕ್ಯಾಮೆರಾ ಇಡದಿರುವುದು, ಮನುಷ್ಯರ ಚಿತ್ರಗಳನ್ನು ಯಾರಿಗೂ ತೋರಿಸದೆ ಅಳಿಸುವುದು ಕಡ್ಡಾಯವಾಗಿ ಪಾಲಿಸಬೇಕಾದ ನಿಯಮ. ಇದಕ್ಕೆ ಪ್ರತಿಫಲವೂ ಇದೆ: ಊರಿನ ಒಪ್ಪಿಗೆಯಿಂದ ನಿಂತ ಕ್ಯಾಮೆರಾ ಬೀಗ ಹಾಕಿದ ಕ್ಯಾಮೆರಾಕ್ಕಿಂತ ಸುರಕ್ಷಿತ.

ಈಗಿನ ಸ್ಥಿತಿ

2022ರ ರಾಷ್ಟ್ರೀಯ ಅಂದಾಜಿನಲ್ಲಿ ಕರ್ನಾಟಕದ ಹುಲಿಗಳ ಸಂಖ್ಯೆ 563; ಅದರ ಜತೆಯ ಚಿರತೆ ವರದಿಯಲ್ಲಿ ರಾಜ್ಯದ ಚಿರತೆಗಳು 1,879. ಈ ಅಂಕಿಗಳ ಹಿಂದಿರುವ ಕ್ಯಾಮೆರಾ ಜಾಲ ಹುಲಿಯಿರುವ ಕಾಡುಗಳಿಗೆ ಸೇರಿದ್ದು. ಕಲಬುರಗಿಯ ಬಯಲು ಅದರ ಹೊರಗಿದೆ. ಅಲ್ಲಿನ ತೋಳ, ಕತ್ತೆಕಿರುಬ, ಸಣ್ಣ ನರಿಗಳಿಗೆ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಂಥ ಎಣಿಕೆ ಇಲ್ಲ. ಬಯಲಿನ ಪ್ರಾಣಿಗಳಿಗೆಂದೇ ರಕ್ಷಿತ ಜಾಗಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು: ಕೃಷ್ಣಮೃಗಕ್ಕೆ 1974ರಲ್ಲಿ ರಾಣೆಬೆನ್ನೂರು, ಚಿಂಕಾರಕ್ಕೆ 2016ರಲ್ಲಿ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ, ತೋಳಕ್ಕೆ ಕೊಪ್ಪಳ ಜಿಲ್ಲೆಯ ಬಂಕಾಪುರ. ಆಳಂದ, ಅಫಜಲಪುರ, ಜೇವರ್ಗಿಗಳ ಪ್ರಾಣಿಗಳು ಬಹುತೇಕ ರೈತರ ಹೊಲಗಳಲ್ಲೇ ಬದುಕುತ್ತವೆ. ಒಂದು ತಾಲ್ಲೂಕಿನ ಗಾತ್ರಕ್ಕೆ ಹುಲಿ ಗಣತಿಯಷ್ಟು ದಟ್ಟವಾಗಿ ಕ್ಯಾಮೆರಾ ಇಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ತೋಳದಂಥ ದೂರ ಸಂಚಾರಿ ಪ್ರಾಣಿಗೆ ದೊಡ್ಡ ಚೌಕಗಳನ್ನು ಎಳೆದು, ಕೆಲವೇ ಕ್ಯಾಮೆರಾಗಳನ್ನು ಸುತ್ತು ಸುತ್ತಾಗಿ ಚೌಕದಿಂದ ಚೌಕಕ್ಕೆ ಸಾಗಿಸಿ, ಜತೆಗೆ ಲದ್ದಿ ಮತ್ತು ಹೆಜ್ಜೆಯ ಸಮೀಕ್ಷೆ ಸೇರಿಸಿದರೆ ವಾಸವ್ಯಾಪ್ತಿಯ ಅಂದಾಜಿಗೆ ಸಾಕಾಗುತ್ತದೆ. ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯನ್ನೂ ಅದೇ ಜಾಲದಲ್ಲಿ, ಅದೇ ತಿಂಗಳುಗಳಲ್ಲಿ ಸೇರಿಸಿಕೊಂಡಾಗ ಮಾತ್ರ ಅಂಥ ಅಂದಾಜು ಇಡೀ ಬಯಲಿಗೆ ಅನ್ವಯವಾಗುತ್ತದೆ.